ಇನ್ವರ್ಟೆಡ್ ಕಾಮಾ ತೆಗೆದ ಮೇಲೆ

ಹೈಸ್ಕೂಲಿನ ಇಂಗ್ಲಿಷ್ ವ್ಯಾಕರಣದಲ್ಲಿ ನನಗೆ ಬಹಳ ಪ್ರಿಯವಾದ ಪಾಠ ಡೈರೆಕ್ಟ್ ಸ್ಪೀಚನ್ನು ಇನ್‌ಡೈರೆಕ್ಟ್ ಸ್ಪೀಚಿಗೆ ಬದಲಾಯಿಸುವುದು. ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ನಮ್ಮಲ್ಲಿ ಹೆಚ್ಚಿನವರು ಇದನ್ನು ಒಂದೆರಡು ಪೀರಿಯಡ್ಡಿನಲ್ಲಿ ಮುಗಿಸಿಬಿಡುತ್ತಾರೆ. ಬೋರ್ಡಿನ ನಡುವೆ ಒಂದು ಗೆರೆ. ಎಡಕ್ಕೆ 'ಟುಡೇ', ಬಲಕ್ಕೆ 'ದಟ್ ಡೇ'. ಎಡಕ್ಕೆ 'ಟುಮಾರೋ', ಬಲಕ್ಕೆ 'ದ ನೆಕ್ಸ್ಟ್ ಡೇ'. 'ಹಿಯರ್' ಹೋಗಿ 'ದೇರ್', 'ಈಸ್' ಹೋಗಿ 'ವಾಸ್', 'ವಿಲ್' ಹೋಗಿ 'ವುಡ್'. ಮಕ್ಕಳು ನೋಟ್‌ಬುಕ್ಕಿಗೆ ಇಳಿಸಿಕೊಂಡು ಬಾಯಿಪಾಠ ಮಾಡುತ್ತಾರೆ. ಅಂಕ ಬರುತ್ತದೆ, ಪಾಠ ಮಾತ್ರ ಬರುವುದಿಲ್ಲ. ಏಕೆಂದರೆ ಈ ಪಟ್ಟಿಯ ಹಿಂದೆ ಒಂದು ಪ್ರಶ್ನೆಯಿದೆ, ಅದನ್ನು ಯಾರೂ ಬೋರ್ಡಿನ ಮೇಲೆ ಬರೆಯುವುದಿಲ್ಲ.

ಆ ಪ್ರಶ್ನೆಯನ್ನು ನನ್ನ ತರಗತಿಯಲ್ಲಿ ಕೇಳಿದವಳು ಹಿಂದಿನ ಬೆಂಚಿನ ಒಬ್ಬ ಹುಡುಗಿ. 'ಐ ಆಮ್ ಹಂಗ್ರಿ' ಎಂದು ರವಿ ಹೇಳಿದ್ದು 'ರವಿ ಸೆಡ್ ದಟ್ ಹಿ ವಾಸ್ ಹಂಗ್ರಿ' ಆಗಿತ್ತು. ಅವಳು ಎದ್ದು ನಿಂತು, "ಮಿಸ್, ಅವ್ನು ಹಸಿವಾಗಿದೆ ಅಂದಿದ್ದ. ನಾವು ಹಸಿವಾಗಿತ್ತು ಅಂತ ಬರೆದ್ರೆ ಅವ್ನು ಹೇಳದೇ ಇದ್ದದ್ದನ್ನ ಅವನ ಬಾಯಲ್ಲಿ ಹಾಕಿದ ಹಾಗಾಗಲ್ವಾ?" ಅಂದಳು.

ಕನ್ನಡದಲ್ಲಿ ಬೆಳೆದ ಮಗುವಿಗೆ ಈ ಅನುಮಾನ ಬರಲೇಬೇಕು. ನಾವು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವ ಕ್ರಮವೇ ಬೇರೆ. ಪಕ್ಕದ ಮನೆಯ ಅಕ್ಕ "ನಾಳೆ ಅವರ ಮನೆಗೆ ಹೋಗ್ತೀನಿ" ಎಂದಿರುತ್ತಾರೆ. ಮಾರನೆಯ ದಿನ ಆ ಮನೆಯವರಿಗೆ ನಾವು ಹೇಳುವುದು: "ಇವತ್ತು ನಿಮ್ಮನೆಗೆ ಬರ್ತೀನಿ ಅಂದಿದ್ರು." ನೋಡಿ, ಇಲ್ಲಿ ಎಷ್ಟೊಂದು ಬದಲಾಗಿದೆ. ನಾಳೆ ಹೋಗಿ ಇವತ್ತು ಬಂತು, 'ಅವರ ಮನೆ' ಹೋಗಿ 'ನಿಮ್ಮನೆ' ಬಂತು, ಹೋಗುವುದು ಬರುವುದಾಯಿತು. ಆದರೆ 'ಬರ್ತೀನಿ'ಯ ಕೊನೆಯಲ್ಲಿ ಆ ಅಕ್ಕ ಇನ್ನೂ ಉಳಿದಿದ್ದಾರೆ. ಆ 'ಈನಿ' ಹೇಳುತ್ತಿರುವ ನನ್ನದಲ್ಲ, ಅವರದು. ಕೇಳುವವರಿಗೆ ಗೊಂದಲವೂ ಆಗುವುದಿಲ್ಲ. ದಿನ, ದಿಕ್ಕು, ಮನೆ ಇವುಗಳನ್ನೆಲ್ಲ ಕೇಳುವವರ ಅನುಕೂಲಕ್ಕೆ ತಿರುಗಿಸಿಕೊಂಡು, ಮಾತು ಕೊಟ್ಟವರು ಯಾರೋ ಅವರನ್ನು ಮಾತ್ರ ಕ್ರಿಯಾಪದದೊಳಗೆ ಹಾಗೇ ಬಿಟ್ಟಿರುತ್ತೇವೆ. ಇದನ್ನು ನಮಗೆ ಯಾವ ಶಾಲೆಯೂ ಕಲಿಸಲಿಲ್ಲ. ಮನೆಯಲ್ಲಿ ಕೇಳಿ ಕೇಳಿಯೇ ಕಲಿತೆವು.

ಬರಹದ ಕನ್ನಡಕ್ಕೆ ಬಂದರೆ 'ತಾನು' ಇದೆ. "ತಾನು ಬರುತ್ತೇನೆ ಎಂದು ಹೇಳಿದ" ಎನ್ನುವಾಗ ಕರ್ತೃವಿನಲ್ಲಿ ಇನ್‌ಡೈರೆಕ್ಟ್, ಕ್ರಿಯಾಪದದಲ್ಲಿ ಡೈರೆಕ್ಟ್. ಒಂದೇ ವಾಕ್ಯದಲ್ಲಿ ಎರಡೂ ಜೊತೆಗಿವೆ. ಇನ್ನು ಪತ್ರಿಕೆಗಳ ಕನ್ನಡ: "ಕ್ರಮ ಕೈಗೊಳ್ಳುವುದಾಗಿ ಸಚಿವರು ತಿಳಿಸಿದರು." ಇಲ್ಲಿ ಸಚಿವರ ಬಾಯಿಯಿಂದ ಬಂದ ಶಬ್ದ ಯಾವುದು ಎಂದು ಹುಡುಕಿದರೂ ಸಿಗದು, ಸಾರ ಮಾತ್ರ ಸಿಗುತ್ತದೆ. ಹಾಗಾಗಿ ಕನ್ನಡದಲ್ಲಿ ಇನ್‌ಡೈರೆಕ್ಟ್ ಸ್ಪೀಚ್ ಇಲ್ಲವೆನ್ನುವುದು ಸರಿಯಲ್ಲ. ಇದೆ, ಆದರೆ ಅದು ಹೆಚ್ಚಾಗಿ ಸುದ್ದಿಮನೆ, ಕಚೇರಿಗಳ ಭಾಷೆ. ಅಡುಗೆಮನೆಯಲ್ಲಿ ನಿಂತು ಯಾರೂ "ಅಮ್ಮ ಸಾರಿಗೆ ಉಪ್ಪು ಹಾಕುವುದಾಗಿ ತಿಳಿಸಿದಳು" ಎನ್ನುವುದಿಲ್ಲ.

ನಮ್ಮ ಹಳೆಯ ಕತೆಗಳ ದೊಡ್ಡ ವರದಿಗಾರ ಸಂಜಯ. ಮಹಾಭಾರತದ ಭೀಷ್ಮಪರ್ವದಲ್ಲಿ ಅವನು ಧೃತರಾಷ್ಟ್ರನ ಬಳಿ ಬರುವುದು ಹತ್ತು ದಿನದ ಯುದ್ಧ ಮುಗಿದು, ಭೀಷ್ಮ ಬಿದ್ದ ಮೇಲೆ. ಆಮೇಲೆಯೇ ಮೊದಲ ದಿನದ ಬೆಳಗಿನ ಮಾತುಗಳನ್ನು ಹೇಳುತ್ತಾನೆ. ಭಗವದ್ಗೀತೆ ಅಷ್ಟೂ ಹೀಗೆ ಹತ್ತು ದಿನ ಹಳೆಯದಾದ ಸಂಭಾಷಣೆಯ ವರದಿ. ಆದರೂ ಸಂಜಯ ಕಾಲವನ್ನು ಹಿಂದಕ್ಕೆ ತಳ್ಳುವುದಿಲ್ಲ. ಅರ್ಜುನ ಮಾತಾಡುವಾಗ ಅವನ ಮೈ ಆಗಲೇ, ನಮ್ಮ ಕಣ್ಣೆದುರೇ ನಡುಗುತ್ತದೆ. "ತನ್ನ ಮೈ ನಡುಗುತ್ತಿತ್ತೆಂದೂ ಆದ್ದರಿಂದ ತಾನು ಯುದ್ಧ ಮಾಡುವುದಿಲ್ಲವೆಂದೂ ಅರ್ಜುನನು ತಿಳಿಸಿದನು" ಎಂದಿದ್ದರೆ ಕುರುಡು ದೊರೆಗೆ ಸುದ್ದಿ ತಲುಪುತ್ತಿತ್ತು, ಕುರುಕ್ಷೇತ್ರ ತಲುಪುತ್ತಿರಲಿಲ್ಲ.

ಹಾಗಾದರೆ ಇಂಗ್ಲಿಷ್ ಯಾಕೆ ಹಿಂದಕ್ಕೆ ತಳ್ಳುತ್ತದೆ? ಡೆನ್ಮಾರ್ಕಿನ ಭಾಷಾವಿಜ್ಞಾನಿ ಆಟೋ ಯೆಸ್ಪರ್ಸನ್ 1924ರಲ್ಲಿ ಪ್ರಕಟವಾದ 'ದ ಫಿಲಾಸಫಿ ಆಫ್ ಗ್ರಾಮರ್' ಎಂಬ ಪುಸ್ತಕದಲ್ಲಿ 'ಬ್ಯಾಕ್-ಶಿಫ್ಟಿಂಗ್' ಎಂದು ಕರೆಯುವ ಈ ತಳ್ಳುವಿಕೆಯನ್ನು ವಿವರಿಸಿದ. ನನಗೆ ತಿಳಿದ ಮಟ್ಟಿಗೆ ಮಕ್ಕಳಿಗೆ ಅದನ್ನು ಹೀಗೆ ಹೇಳಬಹುದು. ಇನ್ವರ್ಟೆಡ್ ಕಾಮಾ ಇರುವವರೆಗೆ ವಾಕ್ಯದಲ್ಲಿ ಇಬ್ಬರ ಗಡಿಯಾರಗಳಿವೆ. ರವಿಯ ಗಡಿಯಾರ ಕಾಮಾದ ಒಳಗೆ, ನನ್ನದು ಹೊರಗೆ. ಕಾಮಾ ತೆಗೆದ ಕೂಡಲೇ ಒಂದೇ ಗಡಿಯಾರ ಉಳಿಯುತ್ತದೆ, ಅದು ನನ್ನದು. ನನ್ನ ಗಡಿಯಾರದ ಪ್ರಕಾರ ರವಿಯ ಹಸಿವು ಕಳೆದುಹೋದ ಹೊತ್ತಿನದು, ಆದ್ದರಿಂದ 'ವಾಸ್'. ನಾನು ನಿಂತ ಜಾಗದಿಂದ ಅವನ 'ಐ' 'ಹಿ' ಆಗಿ ಕಾಣುತ್ತದೆ, ಅವನ 'ಹಿಯರ್' ನನಗೆ 'ದೇರ್' ಆಗುತ್ತದೆ. ಬೋರ್ಡಿನ ಮೇಲಿನ ಆ ಉದ್ದ ಪಟ್ಟಿಯೆಲ್ಲ ಒಂದೇ ನಿಯಮದಿಂದ ಹುಟ್ಟಿದ್ದು: ಈಗ ಮಾತಾಡುತ್ತಿರುವವಳು ನಾನು.

ಆ ಹುಡುಗಿಗೆ ನಾನು ಹೇಳಿದ್ದೂ ಇದನ್ನೇ. ನಾವು ರವಿಯ ಬಾಯಲ್ಲಿ ಏನನ್ನೂ ಹಾಕುತ್ತಿಲ್ಲ. ಅವನ ಮಾತನ್ನು ನಮ್ಮ ಬಾಯಿಗೆ ತೆಗೆದುಕೊಳ್ಳುತ್ತಿದ್ದೇವೆ. ತೆಗೆದುಕೊಂಡ ಮೇಲೆ ಅದರ ಹೊಣೆ ನಮ್ಮದು.

ಈ ಹೊಣೆ ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ನಿಯಮಕ್ಕಿರುವ ಒಂದು ವಿನಾಯಿತಿಯಲ್ಲಿ. ಸಾರ್ವಕಾಲಿಕ ಸತ್ಯವಾದರೆ ಟೆನ್ಸ್ ಬದಲಾಯಿಸಬೇಕಾಗಿಲ್ಲ ಎಂದು ಎಲ್ಲ ಗೈಡುಗಳಲ್ಲೂ ಇದೆ. ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಎಂದು ಮೇಷ್ಟ್ರು ಹೇಳಿದ್ದರೆ, ವರದಿಯಲ್ಲೂ 'ಗೋಸ್' ಎಂದೇ ಇರಬಹುದು. ಅದು ಸಾರ್ವಕಾಲಿಕ ಸತ್ಯ ಎಂದು ತೀರ್ಮಾನಿಸಿದವರು ಯಾರು? ವರದಿ ಮಾಡುವವಳು. ಒಬ್ಬಾತ "ಈ ಕೆರೆಯ ನೀರು ಕುಡಿಯಲು ಯೋಗ್ಯ" ಎನ್ನುತ್ತಾನೆ. 'ಹಿ ಸೆಡ್ ದಟ್ ದ ವಾಟರ್ ಈಸ್ ಸೇಫ್' ಎಂದು ನಾನು ಬರೆದರೆ ಅವನ ಜೊತೆ ನಾನೂ ಒಂದಿಷ್ಟು ನಿಂತಂತೆ. ನೀರು ಈಗಲೂ ಯೋಗ್ಯ ಎಂಬ ಭರವಸೆಯಲ್ಲಿ ನನ್ನದೂ ಪಾಲಿದೆ. 'ವಾಸ್ ಸೇಫ್' ಎಂದು ಬರೆದರೆ ಅದು ಅವನು ಹೇಳಿದ್ದು ಮಾತ್ರ. ನಾನು ದೂರ ಉಳಿದೆ. ಎರಡೂ ವ್ಯಾಕರಣಕ್ಕೆ ಸರಿಯೇ. ಹತ್ತನೆಯ ತರಗತಿಯ ಮಕ್ಕಳಿಗೆ ಇದನ್ನು ತಿಳಿಸಿ ಹೇಳಿದರೆ ಕಣ್ಣರಳುತ್ತದೆ. ಒಂದು 'ಈಸ್', ಒಂದು 'ವಾಸ್' ಮಾತ್ರ ಬದಲಾಯಿಸಿ ಒಬ್ಬರ ಮಾತನ್ನು ನಂಬುವುದನ್ನೂ ನಂಬದಿರುವುದನ್ನೂ ತೋರಿಸಬಹುದು ಎನ್ನುವುದು ಅವರಿಗೆ ಹೊಸ ಶಕ್ತಿ.

ಡೈರೆಕ್ಟನ್ನು ಇನ್‌ಡೈರೆಕ್ಟಿಗೆ ಬದಲಾಯಿಸುವ ಈ ಅಭ್ಯಾಸವನ್ನು ಇಂಗ್ಲಿಷಿನ ಶಾಲೆಗಳು ಲ್ಯಾಟಿನ್ ಪಾಠದಿಂದ ತಂದವು. ಲ್ಯಾಟಿನ್ನಿನಲ್ಲಿ ಡೈರೆಕ್ಟ್ ಎಂದರೆ ನೆಟ್ಟಗಿನ ಮಾತು, ಇನ್‌ಡೈರೆಕ್ಟ್ ಎಂದರೆ ಓರೆಯ ಮಾತು. ಜೂಲಿಯಸ್ ಸೀಸರ್ ಗಾಲ್ ಯುದ್ಧದ ಬಗ್ಗೆ ಬರೆದ ಪುಸ್ತಕದಲ್ಲಿ ದೂತರು, ಸೋತ ನಾಯಕರು, ಕೊನೆಗೆ ಸೀಸರ್ ಕೂಡ ಓರೆಯಲ್ಲೇ ಮಾತಾಡುತ್ತಾರೆ. ನಾಲ್ಕನೆಯ ಭಾಗದಲ್ಲಿ, ಬ್ರಿಟನ್ನಿನ ತೀರದಲ್ಲಿ ಸೈನಿಕರು ಹಡಗಿನಿಂದ ಇಳಿಯಲು ಹಿಂಜರಿಯುತ್ತಿರುವಾಗ ಹತ್ತನೆಯ ದಳದ ಧ್ವಜ ಹಿಡಿದವನೊಬ್ಬ ಕೂಗುತ್ತಾನೆ. ಮೊದಲ ಬಾರಿಗೆ ಆ ಪುಸ್ತಕದಲ್ಲಿ ಒಬ್ಬ ಮನುಷ್ಯನ ಧ್ವನಿ ನೇರ ಕೇಳುತ್ತದೆ, ಮತ್ತು ಅವನು ಹೆಸರಿಲ್ಲದ ಒಬ್ಬ ಸಿಪಾಯಿ. ಅಲ್ಲಿಯವರೆಗೆ ಎಲ್ಲರ ಮಾತನ್ನೂ ತನ್ನ ಮಾತಾಗಿಸಿಕೊಂಡ ಸೇನಾಪತಿ ಆ ಒಂದು ಗಳಿಗೆಯಲ್ಲಿ ಪಕ್ಕಕ್ಕೆ ಸರಿದು ನಿಂತ.

ನಮ್ಮಲ್ಲಿ ಈ ಪಾಠವನ್ನು ಮನೆಮನೆಗೆ ತಲುಪಿಸಿದ್ದು ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣ ಪುಸ್ತಕ. ಪಿ.ಸಿ. ರೆನ್ ಅಂದಿನ ಮುಂಬಯಿ ಪ್ರಾಂತ್ಯದ ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿದವನು. ನಮ್ಮ ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರಗಳೂ ಆಗ ಅದೇ ಪ್ರಾಂತ್ಯದಲ್ಲಿದ್ದವು.   ರೆನ್ ಮತ್ತು ಮಾರ್ಟಿನ್ ವ್ಯಾಕರಣ ನನ್ನ ಮೇಜಿನ ಮೇಲೆ ಈಗಲೂ ಇದೆ, ಅದರ ಬಗ್ಗೆ ಗೌರವವೂ ಇದೆ. ನನ್ನ ತಕರಾರು ಆ ಪುಸ್ತಕದಿಂದ ಹುಟ್ಟಿದ ಗೈಡುಗಳ ಬಗ್ಗೆ. ಅವುಗಳಲ್ಲಿ ನಿಯಮ ಉಳಿಯಿತು, ಕಾರಣ ಬಿದ್ದುಹೋಯಿತು.

ಕಾರಣ ಬಿದ್ದುಹೋದದ್ದರಿಂದಲೇ ಮಕ್ಕಳು ಪ್ರಶ್ನಾರ್ಥಕ ವಾಕ್ಯದಲ್ಲಿ ಎಡವುತ್ತಾರೆ. 'ವೇರ್ ಆರ್ ಯು ಗೋಯಿಂಗ್' ಎಂಬುದು 'ಹಿ ಆಸ್ಕ್ಡ್ ಮಿ ವೇರ್ ಐ ವಾಸ್ ಗೋಯಿಂಗ್' ಆಗಬೇಕು. ಮಕ್ಕಳು 'ವೇರ್ ವಾಸ್ ಐ ಗೋಯಿಂಗ್' ಎಂದು ಬರೆಯುತ್ತಾರೆ. ತಪ್ಪು ಎಂದು ಕೆಂಪು ಗೆರೆ ಎಳೆದರೆ ಏನೂ ತಿಳಿಯದು. ಕೇಳಿದವನು ಅವನು, ನಾನು ಈಗ ಯಾರನ್ನೂ ಏನನ್ನೂ ಕೇಳುತ್ತಿಲ್ಲ, ಕೇಳಿದ ಸಂಗತಿಯನ್ನು ಹೇಳುತ್ತಿದ್ದೇನೆ. ಅದಕ್ಕೇ ಪ್ರಶ್ನೆಯ ಪದಕ್ರಮವೂ ಪ್ರಶ್ನಾರ್ಥಕ ಚಿಹ್ನೆಯೂ ಹೋಗುತ್ತವೆ ಎಂದರೆ ಮರೆಯುವುದಿಲ್ಲ.

ಉದ್ಗಾರ ವಾಕ್ಯಗಳ ಬಗ್ಗೆ ಮಾತ್ರ ನನಗೆ ನಿಜವಾದ ದುಃಖವಿದೆ. 'ಹುರ್ರೇ' ಎಂದು ಕುಣಿದವನನ್ನು 'ಎಕ್ಸ್‌ಕ್ಲೈಮ್ಡ್ ವಿತ್ ಜಾಯ್' ಎಂದೂ, ಅಯ್ಯೋ ಎಂದು ಕೂಗಿದವಳನ್ನು 'ವಿತ್ ಸಾರೋ' ಎಂದೂ ಬದಲಾಯಿಸಬೇಕು. ಧ್ವನಿ ಹೋಗಿ ಅದರ ಮೇಲೊಂದು ಚೀಟಿ ಉಳಿಯುತ್ತದೆ. ನಮ್ಮ ಮಾತಿನಲ್ಲಿರುವ 'ಕಣೋ', 'ಮಾರಾಯ', 'ನೋಡವ್ವ', 'ಯಾಕಪ್ಪಾ' ಇವುಗಳನ್ನು ಯಾವ ಕ್ರಿಯಾವಿಶೇಷಣಕ್ಕೆ ಬದಲಾಯಿಸುತ್ತೀರಿ? ಮಂಗಳೂರಿನ ಕಡೆಯವರು 'ಮಾರಾಯ್ರೆ' ಎಂದಾಗ ಅದರಲ್ಲಿ ಬೇಸರ, ಸಲುಗೆ, ಆಶ್ಚರ್ಯ ಎಲ್ಲ ಸೇರಿರಬಹುದು.

ಆದರೆ ಓರೆಯ ಮಾತು ಕಳೆಯುವುದಷ್ಟೇ ಅಲ್ಲ, ಕಾಪಾಡುವುದೂ ಉಂಟು. ಗಂಡ ಹೆಂಡತಿ ಮುನಿಸಿಕೊಂಡು ಮಾತು ಬಿಟ್ಟ ಮನೆಗಳಲ್ಲಿ ಮಕ್ಕಳು ದೂತರಾಗುವುದನ್ನು ನೋಡಿದ್ದೇವಲ್ಲ. "ನಿಮ್ಮಪ್ಪನಿಗೆ ಹೇಳು, ಬೇಕಾದ್ರೆ ಬಂದು ಉಣ್ಣಲಿ, ಇಲ್ದಿದ್ರೆ ಬಿಡಲಿ" ಎನ್ನುತ್ತಾಳೆ ತಾಯಿ. ಮಗು ಪಡಸಾಲೆಗೆ ಓಡಿ, "ಅಪ್ಪಾ, ಊಟಕ್ಕೆ ಬರಬೇಕಂತೆ" ಎನ್ನುತ್ತದೆ. ಅಡುಗೆಮನೆಯಿಂದ ಪಡಸಾಲೆಗೆ ಬರುವಷ್ಟರಲ್ಲಿ ಮುಳ್ಳೆಲ್ಲ ಉದುರಿ ಕರೆ ಮಾತ್ರ ಉಳಿದಿದೆ. ಆ ತಾಯಿಗೂ ಅದೇ ಬೇಕಿತ್ತು. ನೇರ ಮಾತನ್ನು ಹಾಗೇ ಒಯ್ದಿದ್ದರೆ ಜಗಳ ಇನ್ನೊಂದು ದಿನ ಬೆಳೆಯುತ್ತಿತ್ತು. ಏನನ್ನು ಉಳಿಸಿದರೆ ಹೇಳಿದವರ ಮನಸ್ಸು ತಲುಪುತ್ತದೆ ಎಂಬುದು ಆ ಮಗುವಿಗೆ ಗೊತ್ತಿದೆ. ಒಳ್ಳೆಯ ವರದಿ ಎಂದರೆ ನನ್ನ ಮಟ್ಟಿಗೆ ಇದು.

ಇದಕ್ಕೆ ತಿರುಗುಮುರುಗಾದದ್ದನ್ನು ಗ್ರಾಮಸಭೆಯ ನಡಾವಳಿಗಳಲ್ಲಿ ಓದಬಹುದು. ನಾನು ಕೂತಿದ್ದ ಒಂದು ಸಭೆಯಲ್ಲಿ ಒಬ್ಬ ಹೆಂಗಸು ಎದ್ದು, ತಮ್ಮ ಓಣಿಯ ನಲ್ಲಿಗೆ ನೀರು ಬಂದು ಎಷ್ಟು ದಿನವಾಯಿತು, ಹೊಲದ ಪಂಪಿನಿಂದ ಹೊತ್ತು ತರುವಾಗ ಸೊಸೆಯ ಸೊಂಟ ಹೇಗೆ ಹಿಡಿಯಿತು, ನೀರು ಬಿಡುವವನು ಯಾವ ಓಣಿಗೆ ಮೊದಲು ಬಿಡುತ್ತಾನೆ ಎಂಬುದನ್ನೆಲ್ಲ ಏರುದನಿಯಲ್ಲಿ ಹೇಳಿದಳು. ಸಭೆ ಮುಗಿದ ಮೇಲೆ ಪುಸ್ತಕದಲ್ಲಿ ಬರೆದದ್ದು: "ಕುಡಿಯುವ ನೀರಿನ ಬಗ್ಗೆ ಚರ್ಚಿಸಲಾಯಿತು." ಇಲ್ಲಿ ಹೇಳಿದವಳೂ ಇಲ್ಲ, ಹೇಳಿದ್ದೂ ಇಲ್ಲ. ಇಂಗ್ಲಿಷ್ ಪರೀಕ್ಷೆಯಲ್ಲಿ ಯಾವ ವಿದ್ಯಾರ್ಥಿಯಾದರೂ ಹೀಗೆ ಬರೆದರೆ ನಾನು ಸೊನ್ನೆ ಕೊಡುತ್ತೇನೆ. ಯಾರು, ಯಾರಿಗೆ, ಏನು ಹೇಳಿದರು ಎಂಬುದನ್ನು ಬಿಡದೆ ಉಳಿಸಬೇಕು ಎಂಬುದು ಆ ಪ್ರಶ್ನೆಯ ಮೊದಲ ಷರತ್ತು. ನಮ್ಮ ಮಕ್ಕಳಲ್ಲಿ ಕೆಲವರು ನಾಳೆ ಪಂಚಾಯಿತಿ ಕಾರ್ಯದರ್ಶಿಗಳಾಗುತ್ತಾರೆ, ಪೊಲೀಸ್ ಠಾಣೆಯಲ್ಲಿ ದೂರು ಬರೆದುಕೊಳ್ಳುತ್ತಾರೆ, ಆಸ್ಪತ್ರೆಯಲ್ಲಿ ರೋಗಿ ಹೇಳಿದ್ದನ್ನು ದಾಖಲು ಮಾಡುತ್ತಾರೆ. ಈ ಪಾಠ ಅವರಿಗೆ ಬೇಕಾಗುವುದು ಅಲ್ಲಿ.

ನ್ಯಾಯಾಲಯಕ್ಕೆ ಇದರ ಅರಿವು ಚೆನ್ನಾಗಿದೆ. 1872ರ ಸಾಕ್ಷ್ಯ ಕಾಯಿದೆಯ ಪ್ರಕಾರ ಬಾಯಿಮಾತಿನ ಸಾಕ್ಷ್ಯ ನೇರವಾಗಿರಬೇಕಿತ್ತು. ನೋಡಿದವನು ತಾನು ನೋಡಿದ್ದನ್ನು, ಕೇಳಿದವನು ತಾನೇ ಕೇಳಿದ್ದನ್ನು ಹೇಳಬೇಕಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲೂ ಆ ತತ್ವ ಮುಂದುವರಿದಿದೆ. ಆದರೆ ಸಾಕ್ಷಿಯ ಹೇಳಿಕೆಯನ್ನು ಬರೆದುಕೊಳ್ಳುವಾಗ ಪ್ರಶ್ನೆ-ಉತ್ತರವಾಗಿ ಬರೆಯದೆ ಸಾಮಾನ್ಯವಾಗಿ ನಿರೂಪಣೆಯಾಗಿ ಬರೆಯುವ ಪದ್ಧತಿಯಿದೆ. ಅದರಿಂದ ನಮ್ಮ ಕೋರ್ಟುಗಳ ಕನ್ನಡದಲ್ಲಿ ಒಂದು ವಾಕ್ಯ ಹುಟ್ಟಿದೆ: "ನಾನು ಸುಳ್ಳು ಸಾಕ್ಷಿ ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ." ಪಾಟೀಸವಾಲಿನಲ್ಲಿ ವಕೀಲರು ಕೇಳಿದ್ದು "ನೀವು ಸುಳ್ಳು ಹೇಳ್ತಿದೀರಿ ಅಲ್ವಾ?", ಸಾಕ್ಷಿ ಅಂದದ್ದು "ಇಲ್ಲ" ಅಷ್ಟೇ. ಎರಡೂ ಬೆಸೆದು ಸಾಕ್ಷಿಯ ಬಾಯಲ್ಲೇ ಒಂದು ವಾಕ್ಯವಾಯಿತು. ಆ ಪುಟ ಓದುವಾಗ ಯಾವುದು ಯಾರ ಶಬ್ದ ಎಂದು ಬಿಡಿಸಿಕೊಳ್ಳಲು ಬರಬೇಕು. ಡೈರೆಕ್ಟ್-ಇನ್‌ಡೈರೆಕ್ಟ್ ಸರಿಯಾಗಿ ಕಲಿತವರಿಗೆ ಬರುತ್ತದೆ.

ಹೆಚ್ಚು ಅಪಾಯ ಇರುವುದು ಹಿಂದುಮುಂದಾದ ಕೆಲಸದಲ್ಲಿ, ಅಂದರೆ ಓರೆಯ ಮಾತನ್ನು ನೇರ ಮಾಡುವುದರಲ್ಲಿ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಪಾರ್ಲಿಮೆಂಟಿನ ಚರ್ಚೆಯನ್ನು ಅಚ್ಚು ಮಾಡಲು ಅನುಮತಿ ಇರಲಿಲ್ಲ. 1740ರ ದಶಕದ ಮೊದಲ ವರ್ಷಗಳಲ್ಲಿ 'ಜೆಂಟಲ್‌ಮನ್ಸ್ ಮ್ಯಾಗಜೀನ್' ಪತ್ರಿಕೆಗೆ ಆ ಚರ್ಚೆಗಳನ್ನು ಬರೆದುಕೊಟ್ಟವರು ಸಾಮ್ಯುಯೆಲ್ ಜಾನ್ಸನ್. ಯಾರು ಮಾತಾಡಿದರು, ಯಾವ ಪಕ್ಷ ವಹಿಸಿದರು ಎಂಬ ತೆಳುವಾದ ಟಿಪ್ಪಣಿ ಕೈಯಲ್ಲಿಟ್ಟುಕೊಂಡು ತಮ್ಮ ಕೋಣೆಯಲ್ಲಿ ಕುಳಿತು ಭಾಷಣಗಳನ್ನು ತಾವೇ ಕಟ್ಟಿದರು. ಜನ ಅವನ್ನು ನಿಜವೆಂದೇ ನಂಬಿದರು, ಇದು ಜಾನ್ಸನ್ನರಿಗೇ ಮುಂದೆ ಬೇಸರ ತಂದಿತು. ಇನ್ವರ್ಟೆಡ್ ಕಾಮಾ ಒಂದು ಪ್ರಮಾಣ. ಇಷ್ಟೂ ಶಬ್ದ ಅವರದೇ ಎಂದು ನಾನು ಆಣೆ ಮಾಡಿದಂತೆ. ಇಂದಿಗೂ ಮೊಬೈಲಿನಲ್ಲಿ ದಿನಕ್ಕೊಂದು ಮಹಾಪುರುಷರ ಚಿತ್ರ, ಪಕ್ಕದಲ್ಲಿ ಅವರು ಎಂದೂ ಆಡದ ಮಾತು, ಸುತ್ತ ಎರಡು ಕಾಮಾ ಬರುತ್ತವೆ. ನನ್ನ ವಿದ್ಯಾರ್ಥಿಗಳು ಅದನ್ನು ನೋಡಿ "ಇದನ್ನ ಅವ್ರು ಯಾವಾಗ ಹೇಳಿದ್ರು, ಯಾರಿಗೆ ಹೇಳಿದ್ರು?" ಎಂದು ಕೇಳಬೇಕೆಂದು ನನಗೆ ಆಸೆ.

ಇನ್ನೊಂದು ಸಂಗತಿ, ಗೈಡುಗಳು ಎರಡೇ ಸಾಲಿನಲ್ಲಿ ದಾಟಿಸುವಂಥದ್ದು: ರಿಪೋರ್ಟಿಂಗ್ ವರ್ಬ್. 'ಸೆಡ್ ಟು' ಇದ್ದರೆ 'ಟೋಲ್ಡ್', ಪ್ರಶ್ನೆಯಾದರೆ 'ಆಸ್ಕ್ಡ್', ಬೇಡಿಕೆಯಾದರೆ 'ರಿಕ್ವೆಸ್ಟೆಡ್' ಎಂದು ಮುಗಿಸುತ್ತಾರೆ. ಆದರೆ ವರದಿಯ ಜೀವ ಇರುವುದೇ ಈ ಕ್ರಿಯಾಪದದಲ್ಲಿ. ಒಬ್ಬ ಅಧಿಕಾರಿ "ರಸ್ತೆ ಕೆಲಸ ತಡವಾಗಿದೆ" ಎಂದರು ಅನ್ನಿ. ಒಂದು ಪತ್ರಿಕೆಯಲ್ಲಿ 'ತಿಳಿಸಿದರು', ಇನ್ನೊಂದರಲ್ಲಿ 'ಒಪ್ಪಿಕೊಂಡರು', ಮತ್ತೊಂದರಲ್ಲಿ 'ಸಮರ್ಥಿಸಿಕೊಂಡರು'. ಆಡಿದ ಮಾತು ಒಂದೇ. 'ಒಪ್ಪಿಕೊಂಡರು' ಎಂದ ಕೂಡಲೇ ಒಂದು ತಪ್ಪು ಅವರ ಹೆಗಲೇರಿತು. ರಾಜಕೀಯದ ಸುದ್ದಿಗಳಲ್ಲಂತೂ ಯಾರೂ ಬರಿದೇ ಹೇಳುವುದಿಲ್ಲ. ಗುಡುಗುತ್ತಾರೆ, ಕಿಡಿಕಾರುತ್ತಾರೆ, ಹರಿಹಾಯುತ್ತಾರೆ. ಅದೇ ಭಾಷಣವನ್ನು ಟೀವಿಯಲ್ಲಿ ನೋಡಿದರೆ ಮನುಷ್ಯ ಮೆಲ್ಲಗೆ ಮಾತಾಡಿರುತ್ತಾನೆ. ಈಗ ನಾನು ವಾರಕ್ಕೊಂದು ದಿನ ಕನ್ನಡ ಪತ್ರಿಕೆಯನ್ನೇ ಇಂಗ್ಲಿಷ್ ತರಗತಿಗೆ ಒಯ್ಯುತ್ತೇನೆ. ಸುದ್ದಿಯ ಕೊನೆಯ ಕ್ರಿಯಾಪದಗಳಿಗೆಲ್ಲ ಮಕ್ಕಳು ಗೆರೆ ಎಳೆಯುತ್ತಾರೆ, ಅದರ ಜಾಗದಲ್ಲಿ 'ಹೇಳಿದರು' ಎಂದಷ್ಟೇ ಇಟ್ಟು ಮತ್ತೆ ಓದುತ್ತಾರೆ. ಸುದ್ದಿಯ ಬಣ್ಣ ಎಷ್ಟು, ಬಟ್ಟೆ ಎಷ್ಟು ಎಂದು ಅವರಿಗೇ ಕಾಣುತ್ತದೆ. ಆಮೇಲೆ ಇಂಗ್ಲಿಷಿಗೆ ಹೋಗುತ್ತೇವೆ.

ದ್ವಿತೀಯ ಪಿಯುಸಿಯ ಇಂಗ್ಲಿಷ್ ಪತ್ರಿಕೆಯಲ್ಲಿ ಬಿಡಿ ವಾಕ್ಯದ ಬದಲು ಇಬ್ಬರ ಸಂಭಾಷಣೆ ಕೊಟ್ಟು ಅದನ್ನು ವರದಿ ಮಾಡಿ ಎನ್ನುತ್ತಾರೆ. ಒಳ್ಳೆಯ ಕ್ರಮ. ಹೈಸ್ಕೂಲಿಗೂ ಅದು ಬರಲಿ, ಜೊತೆಗೆ ಇನ್ನೊಂದು ಸಾಲು ಸೇರಲಿ: ವರದಿ ಮಾಡುವವರು ಯಾರು, ಯಾರಿಗೆ, ಯಾವತ್ತು. ಅದೇ ಸಂಭಾಷಣೆಯನ್ನು ಅದೇ ಸಂಜೆ ಅಮ್ಮನಿಗೆ ಹೇಳುವುದು ಒಂದು, ತಿಂಗಳ ನಂತರ ಹೆಡ್‌ಮಾಸ್ಟರಿಗೆ ಬರೆದುಕೊಡುವುದು ಇನ್ನೊಂದು. ಅಮ್ಮನಿಗಾದರೆ 'ಟುಮಾರೋ' ಹಾಗೇ 'ಟುಮಾರೋ' ಆಗಿ ಉಳಿಯಬಹುದು, ಏಕೆಂದರೆ ಆ ನಾಳೆ ಇನ್ನೂ ಬಂದಿಲ್ಲ. ಪಟ್ಟಿ ಬಾಯಿಪಾಠ ಮಾಡಿದವರು ಅಲ್ಲೂ 'ದ ನೆಕ್ಸ್ಟ್ ಡೇ' ಎಂದು ಬರೆಯುತ್ತಾರೆ. ಹಿಂದಿನ ಬೆಂಚಿನ ಹುಡುಗಿಯಂಥವರು ಮೊದಲು ಕ್ಯಾಲೆಂಡರ್ ನೋಡುತ್ತಾರೆ, ಆಮೇಲೆ ಬರೆಯುತ್ತಾರೆ. ಅಂಕ ಕೊಡುವಾಗ ಈ ಎರಡರ ವ್ಯತ್ಯಾಸ ಗುರುತಿಸುವಂಥ ಪ್ರಶ್ನೆಪತ್ರಿಕೆ ನಮಗೆ ಬೇಕು.